ಉದ್ಘಾಟನೆಯ ಮರುದಿನ: ಕಲೆಗೆ ಹಣ ಕೊಡುವವರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಸಂಗೀತ, ನೃತ್ಯ, ರಂಗಭೂಮಿ, ಚಿತ್ರ, ಶಿಲ್ಪ, ವಸ್ತುಸಂಗ್ರಹಾಲಯ ಮತ್ತು ಧ್ವನಿ ಸಂಗ್ರಹಗಳಿಗೆ ಧನಸಹಾಯ ನೀಡುವ ಖಾಸಗಿ ಪ್ರತಿಷ್ಠಾನಗಳ ಹಾಗೂ ಕುಟುಂಬ ದತ್ತಿಗಳ ಧರ್ಮದರ್ಶಿಗಳು

ವಿಷಯ: ಕಲಾ ಅನುದಾನದಲ್ಲಿ ನಿರ್ವಹಣೆ, ಸಂಬಳ ಮತ್ತು ಮುಂದುವರಿಕೆಯ ಖರ್ಚಿಗೆ ಜಾಗ ಕೊಡಬೇಕೆಂಬ ಮನವಿ

ಮಾನ್ಯರೇ,

ಟಿಕೆಟ್ ದುಡ್ಡಿನಲ್ಲಿ ಎಂದೂ ಗಿಟ್ಟದ ನಾಟಕ, ಕೊಳ್ಳುವವರೇ ಇಲ್ಲದ ಸಂಶೋಧನೆ, ಯಾವ ಇಲಾಖೆಯ ವ್ಯಾಪ್ತಿಗೂ ಬಾರದ ಹಳೆಯ ಧ್ವನಿಮುದ್ರಿಕೆಗಳು. ಇಂಥ ಕೆಲಸಗಳು ಇವತ್ತು ನಡೆಯುತ್ತಿದ್ದರೆ ಅದರಲ್ಲಿ ನಿಮ್ಮ ಹಣದ ಪಾಲು ದೊಡ್ಡದು. ಅದನ್ನು ನಾವು ಮರೆತಿಲ್ಲ. ಈ ಪತ್ರ ಬರೆಯುತ್ತಿರುವುದು ನಿಮ್ಮ ಹಣ ಬೇಡವೆಂದಲ್ಲ. ಬಂದ ಹಣ ಯಾವ ಜಾಗದಲ್ಲಿ ಸೋರಿಹೋಗುತ್ತಿದೆ, ಯಾವ ಜಾಗಕ್ಕೆ ತಲುಪುತ್ತಲೇ ಇಲ್ಲ ಎಂಬುದನ್ನು ನಿಮ್ಮ ಮುಂದೆ ಲೆಕ್ಕಸಮೇತ ಇಡಬೇಕೆಂದು.

ನಮ್ಮ ದೂರು ಒಂದೇ ಮಾತಿನದು. ಹೊಸದನ್ನು ಶುರುಮಾಡಲು ಹಣ ಸಿಗುತ್ತದೆ, ಶುರುವಾದದ್ದನ್ನು ನಡೆಸಲು ಸಿಗುವುದಿಲ್ಲ. ಕಟ್ಟಡಕ್ಕೆ ಉಂಟು, ಅದರ ಸೂರು ಸೋರಿದರೆ ಇಲ್ಲ. ಯಂತ್ರಕ್ಕೆ ಉಂಟು, ಅದರ ಮುಂದೆ ಕೂರುವವರಿಗೆ ಇಲ್ಲ. ಮೊದಲ ಪ್ರದರ್ಶನಕ್ಕೆ ಉಂಟು, ಇಪ್ಪತ್ತನೆಯದಕ್ಕೆ ಇಲ್ಲ.

ಕಲಾ ಸಂಸ್ಥೆಗಳಿಗೆ ಯಾವಾಗಲೂ ಹಣದ ಕೊರತೆ ಏಕೆ ಎಂದು ನಿಮ್ಮ ಸಭೆಗಳಲ್ಲಿ ಪ್ರಶ್ನೆ ಬರುತ್ತದೆ. ಸರಿಯಾಗಿ ನಡೆಸಿದರೆ ಮೂರು ವರ್ಷದಲ್ಲಿ ಸ್ವಂತ ಕಾಲ ಮೇಲೆ ನಿಲ್ಲಬೇಕಲ್ಲವೇ ಎನ್ನುತ್ತೀರಿ. ಇದಕ್ಕೆ ಉತ್ತರವನ್ನು 1966ರಲ್ಲೇ ವಿಲಿಯಂ ಬೌಮೊಲ್ ಮತ್ತು ವಿಲಿಯಂ ಬೋವೆನ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಕೊಟ್ಟಿದ್ದಾರೆ. ಕಾರ್ಖಾನೆಯಲ್ಲಿ ಯಂತ್ರ ಸುಧಾರಿಸಿದ ಹಾಗೆ ಅಷ್ಟೇ ಜನ ಹೆಚ್ಚು ಸರಕು ತಯಾರಿಸುತ್ತಾರೆ, ಸಂಬಳ ಏರಿದರೂ ಒಂದೊಂದು ವಸ್ತುವಿನ ಖರ್ಚು ಏರುವುದಿಲ್ಲ. ನಾಲ್ವರು ವಾದಕರು ನುಡಿಸಬೇಕಾದ ಅರ್ಧ ಗಂಟೆಯ ಕೃತಿಗೆ ಇನ್ನೂರು ವರ್ಷದ ಹಿಂದೆಯೂ ನಾಲ್ವರು ಬೇಕಿತ್ತು, ಅರ್ಧ ಗಂಟೆ ಬೇಕಿತ್ತು. ಇವತ್ತೂ ಅಷ್ಟೇ ಬೇಕು. ಆದರೆ ಆ ನಾಲ್ವರು ಬದುಕುವುದು ಇವತ್ತಿನ ಬಾಡಿಗೆ, ಇವತ್ತಿನ ಶಾಲಾ ಶುಲ್ಕದ ನಡುವೆ. ಹಾಗಾಗಿ ಪ್ರದರ್ಶನ ಕಲೆಯ ಖರ್ಚು ಉಳಿದ ವಸ್ತುಗಳ ಬೆಲೆಗಿಂತ ವೇಗವಾಗಿ ಏರುತ್ತಲೇ ಇರುತ್ತದೆ. ಟಿಕೆಟ್ ದರವನ್ನು ಅದೇ ವೇಗದಲ್ಲಿ ಏರಿಸಿದರೆ ಪ್ರೇಕ್ಷಕರು ಬರುವುದಿಲ್ಲ. ಈ ಅಂತರ ಕೆಟ್ಟ ಆಡಳಿತದ ಗುರುತಲ್ಲ, ಆ ಕೆಲಸದ ಸ್ವಭಾವ. ಮೂರು ವರ್ಷದಲ್ಲಿ ಅದು ಮುಚ್ಚಿಹೋಗುತ್ತದೆ ಎಂಬ ನಂಬಿಕೆಯ ಮೇಲೆ ಬರೆದ ಪ್ರಸ್ತಾವನೆಗಳನ್ನು ನೀವು ಮಂಜೂರು ಮಾಡುತ್ತೀರಿ, ಕಲಾವಿದರೂ ಬೇರೆ ದಾರಿ ಕಾಣದೆ ಹಾಗೆಯೇ ಬರೆದುಕೊಡುತ್ತಾರೆ. ಸುಳ್ಳು ಅಲ್ಲಿಂದಲೇ ಶುರು.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಒಂದು ಸಂಗ್ರಹದಲ್ಲಿ ಗಂಟೆಗಟ್ಟಲೆ ಹಾಡು, ತಾಳಮದ್ದಳೆ, ಮಾತುಕತೆ ತುಂಬಿದ ಸಾವಿರ ಸ್ಪೂಲ್ ಟೇಪುಗಳಿವೆ ಎಂದುಕೊಳ್ಳಿ. ಇವನ್ನು ಡಿಜಿಟಲ್ ರೂಪಕ್ಕೆ ತರಬೇಕು. ಪ್ರಸ್ತಾವನೆಯಲ್ಲಿ ಎರಡು ಭಾಗ: ಟೇಪ್ ಓಡಿಸುವ ಯಂತ್ರ, ಪರಿವರ್ತಕ, ಕಂಪ್ಯೂಟರ್ ಒಂದು ಕಡೆ; ತಂತ್ರಜ್ಞರ ಮತ್ತು ಸೂಚಿ ತಯಾರಿಸುವವರ ಸಂಬಳ ಇನ್ನೊಂದು ಕಡೆ. ಸಾಮಾನ್ಯವಾಗಿ ಮಂಜೂರಾಗುವುದು ಮೊದಲನೆಯದು. ಎರಡನೆಯದರ ಪಕ್ಕದಲ್ಲಿ 'ಪುನರಾವರ್ತಿತ ವೆಚ್ಚ, ಸಂಸ್ಥೆಯೇ ಭರಿಸತಕ್ಕದ್ದು' ಎಂಬ ಷರಾ ಬೀಳುತ್ತದೆ.

ಈಗ ಕೆಲಸವನ್ನು ನೋಡಿ. ಟೇಪನ್ನು ಅದು ಓಡುವ ವೇಗದಲ್ಲೇ ಓಡಿಸಬೇಕು, ಬೇಗ ಮುಗಿಸುವ ದಾರಿಯಿಲ್ಲ. ಒಂದು ಗಂಟೆಯ ಟೇಪಿಗೆ ಪರೀಕ್ಷೆ, ಶುಚಿ, ವರ್ಗಾವಣೆ, ಕೇಳಿ ನೋಡುವುದು, ವಿವರ ಬರೆಯುವುದು ಎಲ್ಲ ಸೇರಿ ಸುಮಾರು ಮೂರು ಗಂಟೆ ಹಿಡಿಯುತ್ತದೆ. ಸಾವಿರ ಟೇಪಿಗೆ ಮೂರು ಸಾವಿರ ಗಂಟೆ. ದಿನಕ್ಕೆ ಆರು ಗಂಟೆ ಯಂತ್ರದ ಮುಂದೆ, ವರ್ಷಕ್ಕೆ 240 ದಿನ ಎಂದು ಹಿಡಿದರೆ ಒಬ್ಬರಿಗೆ ಎರಡು ವರ್ಷಕ್ಕೂ ಮೇಲೆ. ಪ್ರತಿ ಟೇಪಿಗೂ ಓದುವ ಹೆಡ್ಡಿನ ಓರೆಯನ್ನು ಕಿವಿಯಿಂದ, ಮಾಪಕದಿಂದ ಸರಿಪಡಿಸಬೇಕು. ಅದು ಕೂದಲೆಳೆಯಷ್ಟು ತಪ್ಪಿದರೂ ತಂಬೂರಿಯ ಮೇಲಿನ ಝೇಂಕಾರ, ತಾಳದ ಕಿಣಿಕಿಣಿ ಮೊದಲು ಹೋಗುತ್ತವೆ, ಆಮೇಲೆ ಯಾವ ಸಾಫ್ಟ್‌ವೇರಿನಿಂದಲೂ ಅವನ್ನು ಮರಳಿ ತರಲಾಗದು. 1970 ಮತ್ತು 80ರ ದಶಕದ ಕೆಲವು ಪಾಲಿಯೆಸ್ಟರ್ ಟೇಪುಗಳಲ್ಲಿ ಕಾಂತೀಯ ಪುಡಿಯನ್ನು ಹಿಡಿದಿಡುವ ಅಂಟು ಗಾಳಿಯ ತೇವ ಹೀರಿ ಸಡಿಲಗೊಂಡಿರುತ್ತದೆ. ಹಾಗೇ ಓಡಿಸಿದರೆ ಟೇಪ್ ಕಿರುಗುಟ್ಟಿ ಹೆಡ್ಡಿಗೆ ಅಂಟಿಕೊಳ್ಳುತ್ತದೆ, ಧ್ವನಿ ಕಂದು ಪುಡಿಯಾಗಿ ಉದುರುತ್ತದೆ. ಅಂಥದ್ದನ್ನು ಸುಮಾರು 54 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಎಂಟು ಗಂಟೆಯೋ ಹೆಚ್ಚೋ ಇಟ್ಟು, ಆರಿಸಿ, ಕೆಲವು ವಾರಗಳೊಳಗೆ ನಕಲು ಮಾಡಿಕೊಳ್ಳಬೇಕು. ಇನ್ನೂ ಹಳೆಯ ಅಸಿಟೇಟ್ ಟೇಪಿಗೆ ಇದೇ ಶಾಖ ಕೊಟ್ಟರೆ ಅದು ಹಾಳಾಗುತ್ತದೆ. ಯಾವುದು ಯಾವ ಟೇಪ್ ಎಂದು ಸುರುಳಿಯನ್ನು ಬೆಳಕಿಗೆ ಹಿಡಿದು ಗುರುತಿಸುವವರು ಮನುಷ್ಯರು. ಸುರುಳಿಯ ಮೂಲಕ ಬೆಳಕು ತೂರಿ ಬಂದರೆ ಅಸಿಟೇಟ್, ಬಾರದಿದ್ದರೆ ಪಾಲಿಯೆಸ್ಟರ್. ಈ ಕೆಲಸ ಬಲ್ಲವರ ಸಂಬಳವನ್ನೇ ನೀವು ಹೊಡೆದುಹಾಕಿರುತ್ತೀರಿ.

ಫಲವೇನು? ಯಂತ್ರಕ್ಕೆ ಬಟ್ಟೆ ಹೊದಿಸಿ ಇಡಲಾಗುತ್ತದೆ. ಇಲ್ಲವೇ ತರಬೇತಿಯಿಲ್ಲದ ಕೈಗಳು ಮೂರು ತಿಂಗಳಲ್ಲಿ ಸಾವಿರ ಟೇಪನ್ನೂ 'ಮುಗಿಸಿ', 0001ರಿಂದ 1000ದವರೆಗೆ ಹೆಸರಿಲ್ಲದ ಫೈಲುಗಳನ್ನು ಹಾರ್ಡ್‌ಡಿಸ್ಕಿಗೆ ತುಂಬುತ್ತವೆ. ಹಾಡಿದವರು ಯಾರು, ಯಾವ ರಾಗ, ಮದ್ದಳೆ ಯಾರದ್ದು, ಯಾವ ವರ್ಷ ಎಂಬುದನ್ನು ಕೇಳಿ ಹೇಳಬಲ್ಲ ಹಿರಿಯರು ಇನ್ನೂ ಇರುವಾಗ ಅವರನ್ನು ಕೂರಿಸಿ ಬರೆಸಿಕೊಳ್ಳಲು ಹಣವಿರುವುದಿಲ್ಲ. ನಿಮಗೆ ಬರುವ ವರದಿಯಲ್ಲಿ ಮಾತ್ರ 'ಸಾವಿರ ಗಂಟೆ ಡಿಜಿಟಲೀಕರಣ ಪೂರ್ಣ' ಎಂದಿರುತ್ತದೆ.

ಕೆಲಸ ಚೆನ್ನಾಗಿಯೇ ನಡೆಯಿತು ಎಂದುಕೊಂಡರೂ ಖರ್ಚು ಮುಗಿಯುವುದಿಲ್ಲ. 96 ಕಿಲೋಹರ್ಟ್ಸ್, 24 ಬಿಟ್ ಗುಣಮಟ್ಟದ ಸ್ಟೀರಿಯೋ ಧ್ವನಿಗೆ ಗಂಟೆಗೆ ಸುಮಾರು 2 ಜಿಬಿ. ಸಾವಿರ ಗಂಟೆಗೆ 2 ಟಿಬಿ, ಮೂರು ಪ್ರತಿ ಇಟ್ಟರೆ 6 ಟಿಬಿ. ಇದು ದೊಡ್ಡ ಮೊತ್ತವಲ್ಲ. ಆದರೆ ವಿಡಿಯೊ ಆದರೆ ಹಳೆಯ ಗುಣಮಟ್ಟದ್ದೇ ಕುಗ್ಗಿಸದೆ ಇಟ್ಟರೆ ಗಂಟೆಗೆ 100 ಜಿಬಿ ಹತ್ತಿರ ಬರುತ್ತದೆ, ಸಾವಿರ ಗಂಟೆಗೆ 100 ಟಿಬಿ. ಡಿಸ್ಕುಗಳು ಕೆಲವೇ ವರ್ಷಗಳಲ್ಲಿ ಕೈಕೊಡುತ್ತವೆ. ಸಂಗ್ರಹಗಳು ನೆಚ್ಚುವ ಎಲ್‌ಟಿಒ ಡೇಟಾ ಟೇಪಿಗೂ ಪೀಳಿಗೆಗಳಿವೆ: ಎಂಟನೇ ಪೀಳಿಗೆಯ ಯಂತ್ರ ಆರನೇ ಪೀಳಿಗೆಯ ಟೇಪನ್ನು ಓದುವುದೇ ಇಲ್ಲ. ಅಂದರೆ ಡಿಜಿಟಲ್ ಮಾಡಿದ್ದನ್ನೇ ಮತ್ತೆ ಮತ್ತೆ ಹೊಸ ಮಾಧ್ಯಮಕ್ಕೆ ಸಾಗಿಸುತ್ತಿರಬೇಕು, ಪ್ರತಿಸಲವೂ ಚೆಕ್‌ಸಮ್ (ಫೈಲಿನಿಂದಲೇ ಲೆಕ್ಕಹಾಕಿ ಪಡೆದ ಗುರುತಿನ ಅಂಕಿ) ತಾಳೆ ನೋಡಿ ಒಂದು ಬಿಟ್ ಕೂಡ ಕೆಟ್ಟಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಎರಡು ವರ್ಷದ ಅನುದಾನದಲ್ಲಿ ಈ ಸಾಲುಗಳಿಗೆ ಜಾಗವೇ ಇರುವುದಿಲ್ಲ.

ಇದು ನಾವು ಹೊಸದಾಗಿ ಕಂಡುಹಿಡಿದ ಸತ್ಯವಲ್ಲ. ಕಲ್ಯಾಣ ಚಾಳುಕ್ಯರ, ಹೊಯ್ಸಳರ ಕಾಲದ ಕನ್ನಡ ದಾನಶಾಸನಗಳನ್ನು ಓದಿದವರಿಗೆ ಎರಡು ಮಾತುಗಳು ಮತ್ತೆ ಮತ್ತೆ ಎದುರಾಗುತ್ತವೆ. ಒಂದು 'ಅಂಗಭೋಗ ರಂಗಭೋಗ', ಅಂದರೆ ಪೂಜೆಯ ಜೊತೆಗೆ ಹಾಡು, ನೃತ್ಯ, ವಾದ್ಯದ ಸೇವೆ. ಇನ್ನೊಂದು 'ಖಂಡಸ್ಫುಟಿತ ಜೀರ್ಣೋದ್ಧಾರ', ಅಂದರೆ ಮುರಿದದ್ದು, ಬಿರುಕು ಬಿಟ್ಟದ್ದು, ಹಳತಾದದ್ದರ ದುರಸ್ತಿ. ದಾನ ಕೊಟ್ಟವರು ಗುಡಿ ಕಟ್ಟಿಸಿ ಕೈತೊಳೆದುಕೊಳ್ಳಲಿಲ್ಲ. ಇಂತಿಷ್ಟು ಗದ್ದೆ, ಇಂತಿಷ್ಟು ತೋಟ ಎಂದು ಎಲ್ಲೆ ಗುರುತಿಸಿ, ಅದರ ಹುಟ್ಟುವಳಿಯಿಂದ ಕುಣಿಯುವವರ, ಬಾರಿಸುವವರ ಜೀವನ ಸಾಗಬೇಕು, ಗೋಡೆ ಬಿರಿದರೆ ಅದರಿಂದಲೇ ರಿಪೇರಿಯಾಗಬೇಕು ಎಂದು ಕಲ್ಲಿನ ಮೇಲೆ ಬರೆಸಿದರು. ಎಷ್ಟೋ ಶಾಸನಗಳ ಕೊನೆಗೆ ಬರುವ ಶ್ಲೋಕ ನಿಮಗೂ ಗೊತ್ತಿರಬಹುದು: 'ದಾನಪಾಲನಯೋರ್ಮಧ್ಯೇ ದಾನಾಚ್ಛ್ರೇಯೋನುಪಾಲನಂ'. ಕೊಡುವುದು, ಕೊಟ್ಟದ್ದನ್ನು ಕಾಪಾಡುವುದು, ಇವೆರಡರಲ್ಲಿ ಕಾಪಾಡುವುದೇ ಮೇಲು. ಆ ವ್ಯವಸ್ಥೆಯಲ್ಲಿ ಜಾತಿಯ ಕಟ್ಟು, ಕಲಾವಿದೆಯರ ಪರಾಧೀನತೆ ಎಲ್ಲವೂ ಇದ್ದವು, ಅದನ್ನು ಹಾಗೆಯೇ ಮರಳಿ ತನ್ನಿ ಎಂದು ಯಾರೂ ಹೇಳುತ್ತಿಲ್ಲ. ಆದರೆ ದುರಸ್ತಿಯ ಖರ್ಚು ದಾನದ ಒಳಗೇ ಇರಬೇಕೆಂಬ ಅವರ ಲೆಕ್ಕ ಸರಿಯಾಗಿತ್ತು.

ಆಧುನಿಕ ಕಾಲದ ದೊಡ್ಡ ದಾನಿಗಳಲ್ಲೂ ಇದನ್ನು ಅರಿತವರಿದ್ದರು. ಆಂಡ್ರೂ ಕಾರ್ನೆಗಿಯ ಹಣದಿಂದ ಜಗತ್ತಿನಾದ್ಯಂತ 2,500ಕ್ಕೂ ಹೆಚ್ಚು ಗ್ರಂಥಾಲಯ ಕಟ್ಟಡಗಳು ಎದ್ದವು. ಅಮೆರಿಕದಲ್ಲಿ ಅವರ ಸಾಮಾನ್ಯ ಷರತ್ತು ಹೀಗಿತ್ತು: ನಿವೇಶನ ಊರಿನದು, ಜೊತೆಗೆ ಕೊಟ್ಟ ಮೊತ್ತದ ಶೇ 10ರಷ್ಟನ್ನು ಪ್ರತಿ ವರ್ಷ ನಿರ್ವಹಣೆಗೆ ಊರಿನ ಆಡಳಿತ ತೆಗೆದಿಡಬೇಕು. ಒಪ್ಪದವರಿಗೆ ಹಣವಿಲ್ಲ. ಆಂಡ್ರೂ ಮೆಲನ್ ತಮ್ಮ ಚಿತ್ರಸಂಗ್ರಹವನ್ನೂ ಕಟ್ಟಡದ ಹಣವನ್ನೂ ಅಮೆರಿಕ ದೇಶಕ್ಕೆ ಕೊಟ್ಟಾಗ 1937ರಲ್ಲಿ ಅಲ್ಲಿನ ಸಂಸತ್ತು ಒಪ್ಪಿಕೊಂಡ ಏರ್ಪಾಡಿನಲ್ಲಿ ಕಟ್ಟಡದ ಪಾಲನೆಯ ಖರ್ಚು ಸರ್ಕಾರದ್ದೆಂದು ಸ್ಪಷ್ಟವಾಗಿ ಬರೆದಿತ್ತು. ಮುಖ್ಯ ಅಧಿಕಾರಿಗಳ ಸಂಬಳಕ್ಕೆ ಮೆಲನ್ ಬೇರೆಯೇ ಮೂಲನಿಧಿ, ಅಂದರೆ ಅಸಲು ಮುಟ್ಟದೆ ಆದಾಯವನ್ನಷ್ಟೇ ಬಳಸುವ ನಿಧಿ, ಇಟ್ಟರು. ಆ ಸಂಗ್ರಹಾಲಯಕ್ಕೆ ತಮ್ಮ ಹೆಸರು ಬೇಡವೆಂದೂ ಅವರು ಹೇಳಿದ್ದರು, ಹೆಸರಿದ್ದರೆ ಬೇರೆ ಸಂಗ್ರಾಹಕರು ಕೊಡಲು ಹಿಂಜರಿಯುತ್ತಾರೆಂದು. 1941ರಲ್ಲಿ ವಾಷಿಂಗ್ಟನ್ನಿನ ರಾಷ್ಟ್ರೀಯ ಕಲಾ ಗ್ಯಾಲರಿ ಬಾಗಿಲು ತೆರೆದ ಮೇಲೆ ಬೇರೆಯವರ ಸಂಗ್ರಹಗಳೂ ಅಲ್ಲಿಗೆ ಬಂದು ಸೇರಿದವು.

ಕಟ್ಟಡದ ಲೆಕ್ಕ ಹೇಳಿಬಿಡುತ್ತೇವೆ. ಒಂದು ಕಟ್ಟಡವನ್ನು ಇವತ್ತು ಹೊಸದಾಗಿ ಕಟ್ಟಲು ಎಷ್ಟಾಗುತ್ತದೋ ಅದರ ಶೇ 2ರಿಂದ 4ರಷ್ಟನ್ನು ಪ್ರತಿ ವರ್ಷ ಬರೀ ವಾಡಿಕೆಯ ದುರಸ್ತಿಗೆ ತೆಗೆದಿಡಬೇಕೆಂಬುದು ಕಟ್ಟಡ ನಿರ್ವಹಣೆಯವರು ಹಿಡಿಯುವ ಅಂದಾಜು. ವಿದ್ಯುತ್ತು, ಕಾವಲು, ವಿಮೆ ಇದರಲ್ಲಿ ಸೇರಿಲ್ಲ. ಚಿತ್ರಗಳಿರುವ ಕೋಣೆಯ ಹವಾ ನಿಯಂತ್ರಣ ರಾತ್ರಿಯೂ ನಡೆಯಬೇಕು, ಆರಿಸುವಂತಿಲ್ಲ. ತೇವಾಂಶ ಶೇ 50ರ ಆಚೀಚೆ ಶೇ 5 ಮಾತ್ರ ಎಂಬ ಹಳೆಯ ಬಿಗಿ ನಿಯಮವನ್ನು ಈಗ ದೊಡ್ಡ ಸಂಗ್ರಹಾಲಯಗಳೇ ಸಡಿಲಿಸಿವೆ. ಬಹುಪಾಲು ವಸ್ತುಗಳಿಗೆ ಶೇ 40ರಿಂದ 60, ಉಷ್ಣಾಂಶ 16ರಿಂದ 25 ಡಿಗ್ರಿ, ಏರಿಳಿತ ನಿಧಾನವಾಗಿದ್ದರೆ ಸಾಕು ಎನ್ನುತ್ತಾರೆ. ನಿಮ್ಮ ಕರಾರುಪತ್ರಗಳಲ್ಲಿ ಮಾತ್ರ ಹಳೆಯ ಅಂಕಿ ಹಾಗೇ ಕೂತಿರುತ್ತದೆ, ಅದಕ್ಕಾಗಿ ಯಂತ್ರಗಳು ಬೇಕಿಲ್ಲದ ವಿದ್ಯುತ್ತನ್ನು ಕುಡಿಯುತ್ತವೆ.

ಇನ್ನು ರಂಗಭೂಮಿಯ ವಿಷಯ. ಅನುದಾನವನ್ನು ಕಂತುಗಳಲ್ಲಿ ಕೊಡುವ ಪದ್ಧತಿ ಹಲವೆಡೆ ಹೀಗಿದೆ: ಸಹಿ ಆದಾಗ ಶೇ 40, ಮಧ್ಯದ ವರದಿಯ ಮೇಲೆ ಶೇ 40, ಲೆಕ್ಕಪರಿಶೋಧನೆಯಾದ ಬಳಕೆ ಪ್ರಮಾಣಪತ್ರ ಸಿಕ್ಕ ಮೇಲೆ ಶೇ 20. ನಿಮ್ಮ ಕಚೇರಿಗೆ ಇದು ಎಚ್ಚರಿಕೆಯ ಕ್ರಮ. ತಂಡದ ಕಡೆಯಿಂದ ನೋಡಿದರೆ ಬೇರೆಯೇ ಕಾಣುತ್ತದೆ. ಸಭಾಂಗಣಕ್ಕೆ ಮುಂಗಡ ಕೊಡದೆ ತಾರೀಖು ಸಿಗುವುದಿಲ್ಲ. ಮರ, ಪ್ಲೈವುಡ್, ಬಟ್ಟೆಯ ಅಂಗಡಿಯವರು ಪ್ರಮಾಣಪತ್ರಕ್ಕೆ ಕಾಯುವುದಿಲ್ಲ. ಬಡಗಿಗೆ ಸಂಜೆಯೇ ಕೂಲಿ, ಬೆಳಕಿನ ಸಾಮಾನಿನ ಬಾಡಿಗೆ ಪ್ರದರ್ಶನ ಮುಗಿದ ರಾತ್ರಿಯೇ. ಲೆಕ್ಕಪರಿಶೋಧನೆ ಹಣಕಾಸು ವರ್ಷ ಮುಗಿದ ಮೇಲೆ, ಅದಕ್ಕೂ ತಿಂಗಳುಗಳು. ಆ ಶೇ 20ನ್ನು ಅಲ್ಲಿಯವರೆಗೆ ತುಂಬುವವರು ಯಾರು? ಕಾಯಬಲ್ಲವರು ಮಾತ್ರ ಕಾಯುತ್ತಾರೆ, ಅಂದರೆ ನಟರು, ಹಿನ್ನೆಲೆ ಹಾಡುವವರು, ನಿರ್ದೇಶಕರು. ಬರಿಗೈಯ ತಂಡವೊಂದು ಸಿರಿವಂತ ಪ್ರತಿಷ್ಠಾನಕ್ಕೆ ಬಡ್ಡಿಯಿಲ್ಲದ ಸಾಲ ಕೊಟ್ಟಂತಾಯಿತು ಇದು. ಸಣ್ಣ ಮೊತ್ತದ ಅನುದಾನವಾದರೆ ಶೇ 90ನ್ನು ಮೊದಲೇ ಕೊಡಿ. ದೊಡ್ಡದಾದರೆ 60, 30, 10 ಎಂದು ಹಂಚಿ. ಲೆಕ್ಕ ಕೇಳುವ ಹಕ್ಕು ನಿಮ್ಮದೇ, ಅದನ್ನು ಹಣ ಹಿಡಿದಿಟ್ಟೇ ಚಲಾಯಿಸಬೇಕೆಂದಿಲ್ಲ.

ಹೊಸ ನಾಟಕಕ್ಕೇ ಹಣ ಎಂಬ ನಿಯಮದಿಂದ ಆಗುವ ನಷ್ಟ ಇನ್ನೂ ದೊಡ್ಡದು. ಆರು ವಾರದ ತಾಲೀಮು, ರಂಗಸಜ್ಜಿಕೆ, ವೇಷಭೂಷಣ, ಸಂಗೀತ ಸೇರಿ ಒಂದು ನಾಟಕ ಕಟ್ಟಲು ನೂರು ಪಾಲು ಖರ್ಚಾಯಿತೆನ್ನಿ. ಎರಡೇ ಪ್ರದರ್ಶನವಾದರೆ ಒಂದೊಂದರ ಮೇಲೆ ಐವತ್ತು ಪಾಲು ಬಿತ್ತು. ಮೂವತ್ತು ಪ್ರದರ್ಶನವಾದರೆ ಮೂರು ಪಾಲು ಚಿಲ್ಲರೆ, ಅದರ ಮೇಲೆ ಆಯಾ ದಿನದ ಸಾಗಾಟ, ಸಂಭಾವನೆ. ಅಲ್ಲದೆ ನಾಟಕ ಕುದುರುವುದು ಹತ್ತನೆಯದೋ ಹನ್ನೆರಡನೆಯದೋ ಪ್ರದರ್ಶನದ ಹೊತ್ತಿಗೆ, ಪ್ರೇಕ್ಷಕರ ಉಸಿರು ನಟರಿಗೆ ಗೊತ್ತಾದ ಮೇಲೆ. ಆದರೆ ನಿಮ್ಮ ಅರ್ಜಿಯಲ್ಲಿ 'ಹೊಸ ನಿರ್ಮಾಣಗಳ ಸಂಖ್ಯೆ' ಎಂಬ ಕಾಲಂ ಇದೆ, 'ಹಳೆಯ ನಾಟಕದ ಮುಂದಿನ ಪ್ರದರ್ಶನ' ಎಂಬುದು ಇಲ್ಲ. ಹಾಗಾಗಿ ತಂಡಗಳು ಎರಡು ಪ್ರದರ್ಶನ ಮಾಡಿ, ಸಜ್ಜಿಕೆಯನ್ನು ಬಾಡಿಗೆ ಗೋದಾಮಿನಲ್ಲಿ ಗೆದ್ದಲಿಗೆ ಬಿಟ್ಟು, ಮುಂದಿನ ಹೊಸ ನಾಟಕದ ಅರ್ಜಿ ಬರೆಯಲು ಕೂರುತ್ತವೆ. ಒಬ್ಬ ನಟಿ ಊರು ಬಿಟ್ಟರೆ ಆ ಪಾತ್ರಕ್ಕೆ ಬೇರೆಯವರನ್ನು ಕೂಡಿಸಲು ಎಂಟು ಹತ್ತು ದಿನದ ಮರುತಾಲೀಮು ಬೇಕು. ಅದಕ್ಕೆ ಕೊಡುವವರಿಲ್ಲದೆ ನಿಂತುಹೋದ ಒಳ್ಳೆಯ ನಾಟಕಗಳು ಬಹಳ.

ಆಡಳಿತ ವೆಚ್ಚದ ಮಿತಿಯ ಬಗ್ಗೆ ನೇರವಾಗಿ ಹೇಳಬೇಕು. ಶೇ 10ಕ್ಕಿಂತ ಹೆಚ್ಚು ಕೊಡುವುದಿಲ್ಲ ಎನ್ನುತ್ತೀರಿ, ಕೆಲವರು ಶೇ 5. ಈ 'ಆಡಳಿತ' ಎಂಬುದರೊಳಗೆ ಏನಿದೆ? ನಿಮಗೇ ಕಳಿಸಬೇಕಾದ ಲೆಕ್ಕ ಬರೆಯುವವರು, ಲೆಕ್ಕಪರಿಶೋಧಕರ ಶುಲ್ಕ, ಬಾಡಿಗೆ, ವಿದ್ಯುತ್ತು, ವಿಮೆ, ಶೌಚಾಲಯ ತೊಳೆಯುವವರ ಸಂಬಳ, ಅರ್ಜಿ ಬರೆಯುವ ವಾರಗಳು. ಕೆಲಸದ ನೇರ ಖರ್ಚು ನೂರಾದರೆ ಇವೆಲ್ಲ ಸೇರಿ 25 ಆಗುತ್ತದೆ ಎಂದುಕೊಳ್ಳಿ. ನೀವು ಕೊಟ್ಟದ್ದು 10. ಒಂದು ಪ್ರಾಜೆಕ್ಟಿನಲ್ಲಿ 15ರ ತೂತು. ಸಂಸ್ಥೆ ಚೆನ್ನಾಗಿ ಕೆಲಸ ಮಾಡಿ ಇಂಥ ಮೂರು ಪ್ರಾಜೆಕ್ಟ್ ಪಡೆದರೆ 45ರ ತೂತು. ಹೆಚ್ಚು ಅನುದಾನ ಬಂದಷ್ಟೂ ಹೆಚ್ಚು ಸಾಲ ಎಂಬುದು ಹೀಗೆ. ಆ ತೂತನ್ನು ಮುಚ್ಚುವುದು ಸಂಬಳ ತಡಮಾಡಿ, ವಿಮೆ ಕಟ್ಟದೆ ಬಿಟ್ಟು, ಒಂದು ಪ್ರಾಜೆಕ್ಟಿನ ಹಣವನ್ನು ಇನ್ನೊಂದಕ್ಕೆ ಕದ್ದುಮುಚ್ಚಿ ತಿರುಗಿಸಿ. ಕೊನೆಯದು ತಪ್ಪು, ಅದು ತಪ್ಪೆಂದು ಮಾಡುವವರಿಗೂ ಗೊತ್ತು. 2015ರಲ್ಲಿ ಅಮೆರಿಕದ ಫೋರ್ಡ್ ಪ್ರತಿಷ್ಠಾನ ತನ್ನ ಪ್ರಾಜೆಕ್ಟ್ ಅನುದಾನಗಳಲ್ಲಿ ಈ ಪಾಲನ್ನು ಶೇ 10ರಿಂದ 20ಕ್ಕೆ ಏರಿಸಿತು. ಅಷ್ಟು ಹಳೆಯ, ಅಷ್ಟು ಕಟ್ಟುನಿಟ್ಟಿನ ಸಂಸ್ಥೆಗೆ ಸಾಧ್ಯವಾದದ್ದು ಉಳಿದವರಿಗೆ ಏಕೆ ಆಗದು? ಮಿತಿ ಹಾಕುವ ಬದಲು ನಿಜವಾದ ಲೆಕ್ಕ ಕೇಳಿ, ಅದು ಸರಿಯಿದ್ದರೆ ಅಷ್ಟನ್ನೂ ಕೊಡಿ.

ಮೂಲನಿಧಿ ಕೊಟ್ಟುಬಿಟ್ಟರೆ ಎಲ್ಲ ಮುಗಿಯಿತಲ್ಲ ಎನ್ನುವವರಿದ್ದಾರೆ. ಅದು ಒಳ್ಳೆಯ ದಾರಿ, ಆದರೆ ಲೆಕ್ಕ ತಿಳಿದು ಹೋಗಬೇಕಾದ ದಾರಿ. ಬೆಲೆಯೇರಿಕೆಯಲ್ಲಿ ನಿಧಿ ಕರಗದಂತೆ ನೋಡಿಕೊಳ್ಳಬೇಕಾದರೆ ವರ್ಷಕ್ಕೆ ಶೇ 4ರ ಹತ್ತಿರ ಮಾತ್ರ ಬಳಸಬಹುದು. ಅಂದರೆ ಒಂದು ಹುದ್ದೆಯ ವಾರ್ಷಿಕ ಖರ್ಚಿನ 25 ಪಟ್ಟು ನಿಧಿ ಇದ್ದರೆ ಆ ಒಂದು ಹುದ್ದೆ ಉಳಿಯುತ್ತದೆ. ಸಣ್ಣ ಮೂಲನಿಧಿ ಕೊಟ್ಟು ದೊಡ್ಡ ನಿರೀಕ್ಷೆ ಇಡುವುದು ಅನ್ಯಾಯ. 1966ರಲ್ಲಿ ಇದೇ ಫೋರ್ಡ್ ಪ್ರತಿಷ್ಠಾನ ಅಮೆರಿಕದ 61 ಸಿಂಫನಿ ವಾದ್ಯವೃಂದಗಳಿಗೆ ಸುಮಾರು 8 ಕೋಟಿ ಡಾಲರ್ ಕೊಟ್ಟಿತು, ಬಹುಪಾಲು ಮೂಲನಿಧಿಯಾಗಿ, ಸ್ಥಳೀಯ ದಾನಿಗಳೂ ಹಣ ಕೂಡಿಸಬೇಕೆಂಬ ಷರತ್ತಿನೊಂದಿಗೆ. ವಾದಕರಿಗೆ ವರ್ಷದ ಹೆಚ್ಚು ವಾರ ಕೆಲಸ ಸಿಕ್ಕಿತು, ಸಂಬಳ ಏರಿತು. ಅದು ಆಗಬೇಕಾದದ್ದೇ. ಆದರೆ ಉದ್ದವಾದ ಋತುವಿನ ಖರ್ಚು ನಿಧಿಯ ಆದಾಯಕ್ಕಿಂತ ಮುಂದೆ ಓಡಿತು. ಬೌಮೊಲ್ ಮತ್ತು ಬೋವೆನ್ ಅದೇ ವರ್ಷ ಎಚ್ಚರಿಸಿದ್ದು ಇದನ್ನೇ.

ಷರತ್ತುಗಳ ವಿಷಯ. ಆಲ್ಬರ್ಟ್ ಬಾರ್ನ್ಸ್ 1922ರಲ್ಲಿ ಫಿಲಡೆಲ್ಫಿಯಾ ಬಳಿ ತಮ್ಮ ಸಂಗ್ರಹಕ್ಕೆ ಪ್ರತಿಷ್ಠಾನ ಕಟ್ಟಿ, ಚಿತ್ರಗಳು ತೂಗುಹಾಕಿದ ಜಾಗದಿಂದ ಕದಲಬಾರದೆಂದು ದತ್ತಿಪತ್ರದಲ್ಲಿ ಬಿಗಿದರು. ನಿಧಿ ಸಾಲದೆ ಬಂತು. 2004ರಲ್ಲಿ ನ್ಯಾಯಾಲಯದ ಅನುಮತಿ ಪಡೆದು 2012ರಲ್ಲಿ ಸಂಗ್ರಹವನ್ನು ನಗರದ ಹೊಸ ಕಟ್ಟಡಕ್ಕೆ ಸಾಗಿಸಬೇಕಾಯಿತು, ಅದಕ್ಕಾಗಿ ವರ್ಷಗಟ್ಟಲೆ ವ್ಯಾಜ್ಯ, ಕಹಿ. ನ್ಯೂಯಾರ್ಕಿನ ಲಿಂಕನ್ ಸೆಂಟರಿನ ಸಭಾಂಗಣಕ್ಕೆ 1973ರಲ್ಲಿ ಒಂದು ಕೋಟಿ ಐದು ಲಕ್ಷ ಡಾಲರ್ ಕೊಟ್ಟ ಏವರಿ ಫಿಶರ್ ಅವರ ಹೆಸರಿತ್ತು. ಕಟ್ಟಡ ಮತ್ತೆ ಹೊಸದಾಗಬೇಕಾದಾಗ ಆ ಹೆಸರು ತೆಗೆಯಲು ಕುಟುಂಬಕ್ಕೆ ಒಂದೂವರೆ ಕೋಟಿ ಡಾಲರ್ ಕೊಟ್ಟು ಒಪ್ಪಂದ ಮಾಡಿಕೊಳ್ಳಬೇಕಾಯಿತು, ಆಮೇಲೆ 2015ರಲ್ಲಿ ಡೇವಿಡ್ ಗೆಫೆನ್ ಅವರ ಹತ್ತು ಕೋಟಿ ಡಾಲರಿಗೆ ಅವರ ಹೆಸರು ಬಂತು. ಹೆಸರಿಗೆ ಅವಧಿ ಇರಲಿ, 20 ವರ್ಷವೋ 25 ವರ್ಷವೋ, ಇಲ್ಲವೇ ಕಟ್ಟಡದ ಮುಂದಿನ ದೊಡ್ಡ ನವೀಕರಣದವರೆಗೆ. ಹೆಸರು ಇಳಿಸಬೇಕಾದ ಸಂದರ್ಭವನ್ನೂ ಕರಾರಿನಲ್ಲೇ ಬರೆಯಿರಿ. ನೋವುನಿವಾರಕ ಮಾತ್ರೆಗಳ ವ್ಯಸನದ ದುರಂತದ ನಂತರ 2019ರಲ್ಲಿ ಪ್ಯಾರಿಸ್ಸಿನ ಲೂವ್ರ್, 2021ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯ, ಆ ಮಾತ್ರೆ ಮಾರಿದ ಔಷಧ ಕಂಪನಿಯ ಒಡೆಯರಾದ ಸ್ಯಾಕ್ಲರ್ ಕುಟುಂಬದ ಹೆಸರನ್ನು ತಮ್ಮ ಗೋಡೆಗಳಿಂದ ತೆಗೆದವು. ಹಣ ಎಲ್ಲಿಂದ ಬಂತೆಂದು ಕೇಳುವ ಹಕ್ಕು ಪಡೆಯುವವರಿಗೂ ಇದೆ. ಹಾಗೆ ಕೇಳಿದ ಸಣ್ಣ ಸಂಸ್ಥೆಯನ್ನು ಕೃತಘ್ನವೆಂದು ಪಟ್ಟಿಯಿಂದ ಕೈಬಿಡಬೇಡಿ.

ಇದಕ್ಕಿಂತ ನಮ್ಮನ್ನು ಹೆಚ್ಚು ಕಾಡುವುದು ಬಾಯಿಬಿಟ್ಟು ಹೇಳದ ಷರತ್ತು. ಈ ವರ್ಷ ನಿಮ್ಮ ಆದ್ಯತೆ ಪರಿಸರ, ಬರುವ ವರ್ಷ ತಂತ್ರಜ್ಞಾನ, ಅದರಾಚೆ ಮಕ್ಕಳ ಕಲಿಕೆ. ಎಲ್ಲವೂ ಒಳ್ಳೆಯ ವಿಷಯಗಳೇ. ಆದರೆ ಮೂವತ್ತು ವರ್ಷ ಒಂದೇ ಪಟ್ಟು ಹಿಡಿದು ಕೂತ ತೊಗಲುಗೊಂಬೆಯವರು ಪ್ರತಿ ವರ್ಷ ತಮ್ಮ ಕೆಲಸಕ್ಕೆ ಹೊಸ ಅಂಗಿ ತೊಡಿಸಿ ನಿಮ್ಮ ಮುಂದೆ ನಿಲ್ಲಬೇಕಾಗುತ್ತದೆ. ಯಾವ ಪ್ರಸಂಗ ಆಡಬೇಕು, ಯಾವ ವಿಷಯ ಬೇಡ ಎಂದು ನೀವು ಯಾರಿಗೂ ಹೇಳಿರುವುದಿಲ್ಲ. ಅರ್ಜಿಯ ನಮೂನೆ ನಿಮ್ಮ ಪರವಾಗಿ ಅದನ್ನು ಹೇಳಿರುತ್ತದೆ. ಅರ್ಜಿ ಬರೆಯಬಲ್ಲವರು ಗೆಲ್ಲುತ್ತಾರೆ, ಕಲೆ ಬಲ್ಲವರು ಬಾಗಿಲಾಚೆ ಉಳಿಯುತ್ತಾರೆ. ಮೊದಲು ಎರಡು ಪುಟದ ಟಿಪ್ಪಣಿ ಸಾಕೆನ್ನಿ, ಅದು ಹಿಡಿಸಿದವರಿಂದ ಮಾತ್ರ ಪೂರ್ಣ ಪ್ರಸ್ತಾವನೆ ಕೇಳಿ. ಅವರಿಗೆ ತಿಳಿದ ಭಾಷೆಯಲ್ಲಿ ಬರೆಯಲು ಬಿಡಿ, ಬರೆಯಲಾಗದವರಿಂದ ಮಾತಿನಲ್ಲಿ ಕೇಳಿಸಿಕೊಳ್ಳಿ. ಬೇರೊಂದು ಪ್ರತಿಷ್ಠಾನಕ್ಕೆ ಕೊಟ್ಟ ವಾರ್ಷಿಕ ವರದಿಯನ್ನೇ ನೀವೂ ಒಪ್ಪಿಕೊಳ್ಳಿ. ಬೇಡವೆನ್ನುವುದಾದರೆ 60 ದಿನದೊಳಗೆ, ಕಾರಣ ಸಮೇತ ಹೇಳಿ.

ನೀವು ಹೊರಡುವ ರೀತಿಯೂ ಮುಖ್ಯ. ಒಂದು ಸಂಸ್ಥೆಯ ವಾರ್ಷಿಕ ಖರ್ಚಿನಲ್ಲಿ ನಿಮ್ಮೊಬ್ಬರ ಪಾಲು ಮೂರರಲ್ಲಿ ಒಂದನ್ನು ದಾಟಿದ್ದರೆ, ನೀವು ಇದ್ದಕ್ಕಿದ್ದಂತೆ ನಿಂತ ದಿನ ಆ ಸಂಸ್ಥೆಯೂ ನಿಲ್ಲುತ್ತದೆ. ನಿಲ್ಲಿಸುವ ಇಂಗಿತವಿದ್ದರೆ 18 ತಿಂಗಳು ಮೊದಲೇ ತಿಳಿಸಿ. ಆಮೇಲೆ ಮೊತ್ತವನ್ನು ಮುಕ್ಕಾಲು, ಅರ್ಧ ಎಂದು ಇಳಿಸುತ್ತ ಬನ್ನಿ. ಆ ಅವಧಿಯ ಹಣ ಯಾವುದಕ್ಕೆಂದು ನಿಗದಿ ಮಾಡದೆ ಕೊಡಿ.

ಸರ್ಕಾರ ಮಾಡಬೇಕಾದದ್ದನ್ನೆಲ್ಲ ನೀವು ಮಾಡಿ ಎಂದು ನಾವು ಕೇಳುತ್ತಿಲ್ಲ, ನಿಮ್ಮಿಂದ ಆಗುವುದೂ ಇಲ್ಲ. 2013ರಲ್ಲಿ ದಿವಾಳಿಯೆದ್ದ ಅಮೆರಿಕದ ಡೆಟ್ರಾಯಿಟ್ ನಗರ ತನಗೆ ಸಾಲ ಕೊಟ್ಟವರಿಗೆ ತೀರಿಸಲು ತನ್ನ ಕಲಾಸಂಗ್ರಹವನ್ನೇ ಮಾರುವ ಮಾತು ಬಂದಾಗ ಪ್ರತಿಷ್ಠಾನಗಳು ಒಟ್ಟಾಗಿ 36 ಕೋಟಿಗೂ ಹೆಚ್ಚು ಡಾಲರ್ ಕೊಡುವುದಾಗಿ ಒಪ್ಪಿದವು. ಆದರೆ ಅಷ್ಟರಿಂದಲೇ ಸಂಗ್ರಹ ಉಳಿಯಲಿಲ್ಲ. ರಾಜ್ಯ ಸರ್ಕಾರ 19 ಕೋಟಿಗೂ ಹೆಚ್ಚು ಡಾಲರ್ ಹಾಕಿತು, ಸಂಗ್ರಹಾಲಯ ತನ್ನ ಪಾಲಿಗೆ 10 ಕೋಟಿ ಕೂಡಿಸುವ ಹೊಣೆ ಹೊತ್ತಿತು, ನಿವೃತ್ತ ನೌಕರರು ಪಿಂಚಣಿಯಲ್ಲಿ ಕಡಿತ ಒಪ್ಪಿದರು. ನೀವು ಸರ್ಕಾರದ ಬಾಗಿಲಿಗೆ ಹೋಗಿ, ನಾವು ಇಷ್ಟು ಕೊಡುತ್ತೇವೆ, ನಿರ್ವಹಣೆಯ ಇಷ್ಟನ್ನು ನೀವು ಬರೆದುಕೊಡಿ ಎಂದು ಕೇಳಬಲ್ಲಿರಿ. ಕಲಾವಿದರು ಕೇಳಿದರೆ ಆ ಬಾಗಿಲು ತೆರೆಯುವುದಿಲ್ಲ.

ನಮ್ಮ ಕೋರಿಕೆಗಳಲ್ಲಿ ಹಲವನ್ನು ಮೇಲೆ ಅಲ್ಲಲ್ಲೇ ಹೇಳಿದ್ದೇವೆ. ಉಳಿದದ್ದು ಇಷ್ಟು: ನಿಮ್ಮ ವಾರ್ಷಿಕ ಕಲಾ ಅನುದಾನದಲ್ಲಿ ಮೂರನೇ ಒಂದು ಭಾಗವನ್ನಾದರೂ ಯಾವ ಪ್ರಾಜೆಕ್ಟಿಗೂ ಕಟ್ಟದೆ, ಕನಿಷ್ಠ ಐದು ವರ್ಷದ ಭರವಸೆಯಲ್ಲಿ, ಸಂಬಳ, ದುರಸ್ತಿ ಮತ್ತು ಸಂಗ್ರಹಪಾಲನೆಗೆ ಬಿಡಿ. ಕಟ್ಟಡಕ್ಕೋ ಯಂತ್ರಕ್ಕೋ ಕೊಡುವಾಗ ಅದನ್ನು ಹತ್ತು ವರ್ಷ ನಡೆಸುವ ಖರ್ಚಿನ ಹಾಳೆಯನ್ನೂ ಜೊತೆಗೆ ಕೇಳಿ, ಅದನ್ನು ಯಾರು ಕೊಡುತ್ತಾರೆಂಬುದು ಬರೆಯದಿದ್ದರೆ ಕಡತವನ್ನು ವಾಪಸು ಕಳಿಸಿ.

ಮುಂದಿನ ಧರ್ಮದರ್ಶಿಗಳ ಸಭೆಗೆ ಹೊಸ ಅರ್ಜಿಗಳ ಜೊತೆ ಒಂದು ಹಳೆಯ ಕಡತವನ್ನೂ ತರಿಸಿಕೊಳ್ಳಿ. ಐದು ವರ್ಷದ ಹಿಂದೆ ನೀವು ಹಣ ಕೊಟ್ಟು, ದೀಪ ಬೆಳಗಿಸಿ, ಫೋಟೊ ತೆಗೆಸಿಕೊಂಡು ಬಂದ ಯಾವುದಾದರೊಂದು ಕೆಲಸದ್ದು. ಆ ಯಂತ್ರ ಇವತ್ತು ಓಡುತ್ತಿದೆಯೇ, ಆ ಕೋಣೆಯ ಬೀಗದ ಕೈ ಯಾರ ಬಳಿಯಿದೆ, ಅಲ್ಲಿ ಕೆಲಸ ಕಲಿತವರು ಈಗ ಎಲ್ಲಿದ್ದಾರೆ ಎಂದು ದಯವಿಟ್ಟು ಫೋನ್ ಮಾಡಿ ವಿಚಾರಿಸಿ.

ಇತಿ ತಮ್ಮ ವಿಶ್ವಾಸಿಗಳು,
ಕಲಾ ಸಂಸ್ಥೆಗಳಲ್ಲಿ ಲೆಕ್ಕಪತ್ರ, ಸಂಗ್ರಹಪಾಲನೆ ಮತ್ತು ರಂಗನಿರ್ವಹಣೆಯ ಕೆಲಸ ಮಾಡುವವರು